ಕೆರೆದು ಚೆಲ್ಲಿದ ಮಣ್ಣು

ಮೂರುಬಾವಿಯ ದಾರಿ ಮುಚ್ಚಿಕೊಂಡಾಗ ನಾನಿನ್ನೂ ಹುಟ್ಟಿರಲಿಲ್ಲ. ಆ ಊರಿನ ಕಾಲೇಜು ನಮ್ಮ ಖೋಖೋ ಕೂಟವನ್ನು ಬಿಟ್ಟ ದಿನವೇ ದಾರಿಯೂ ಹೋಯಿತಂತೆ. ಹಾಗೆಂದು ಅಡ್ಡ ಮುಳ್ಳು ಬೆಳೆಯಲಿಲ್ಲ, ಗೋಡೆ ಎದ್ದು ನಿಲ್ಲಲಿಲ್ಲ. ಈಗಲೂ ಯಾರು ಬೇಕಾದರೂ ಆ ದಾರಿ ಹಿಡಿದು ಹೊರಡಬಹುದು. ಜಾಲಿಯ ಸಾಲು ದಾಟಿ, ಹಳ್ಳ ದಾಟಿ, ದಿಬ್ಬದ ತಿರುವಿಗೆ ಬಂದರೆ ಎದುರಿಗೆ ಒಂದು ಊರು ಕಾಣುತ್ತದೆ. ಅದು ನಮ್ಮದೇ ಊರು. ನೆಟ್ಟಗೆ ನಡೆದವರು ಒಮ್ಮೆಯೂ ಬೆನ್ನು ತಿರುಗಿಸದೆ ಮನೆಗೆ ವಾಪಸು ಬಂದಿರುತ್ತಾರೆ. ಆ ತಿರುವಿನಲ್ಲಿ ಕಾಲು ದಾಟುವುದಿಲ್ಲ, ದನಿ ಮಾತ್ರ ದಾಟುತ್ತದೆ. ಗಾಣಗೇರ ಓಣಿಯ ಸಂಗವ್ವ ಮೂರುಬಾವಿಗೆ ಕೊಟ್ಟ ಮಗಳ ಜೊತೆ ಮಾತಾಡಲು ಸಂಜೆಯ ಹೊತ್ತು ಅಲ್ಲಿ ಹೋಗಿ ನಿಲ್ಲುತ್ತಿದ್ದಳು. ಪುಂಡಿಪಲ್ಯಕ್ಕೆ ಇವತ್ತು ಉಪ್ಪು ಹೆಚ್ಚಾಯಿತೆಂದೋ, ಕೆಂದ ಆಕಳು ಈದಿತೆಂದೋ ಕೂಗಿ ಹೇಳುತ್ತಿದ್ದಳು. ಅತ್ತಲಿಂದ ಮಗಳು ಉತ್ತರ ಕೊಡುತ್ತಿದ್ದಳು. ಆ ಮಗಳ ದನಿಗೆ ಬೇಗ ಬೇಗ ವಯಸ್ಸಾಗುತ್ತಿತ್ತು. ನಾನು ಕಾಲೇಜು ಸೇರುವ ಹೊತ್ತಿಗೆ ಅದು ತಾಯಿಯ ದನಿಗಿಂತ ಮುದಿಯಾಗಿ, ನಡುನಡುವೆ ಕೆಮ್ಮುತ್ತಿತ್ತು. ಸಂಗವ್ವ ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. ಕಷಾಯ ಕುಡಿ ಮಗಳೇ ಎಂದು ಹೇಳಿ ಮನೆಗೆ ಬರುತ್ತಿದ್ದಳು.

ನಮ್ಮ ಕಡೆ ಇದನ್ನು ಯಾರೂ ವಿಚಿತ್ರ ಎನ್ನುವುದಿಲ್ಲ. ಒಂದೇ ಕೂಟದಲ್ಲಿ ಆಡುವ ಊರುಗಳ ನಡುವೆ ದಾರಿ ಇರುತ್ತದೆ, ಕೂಟ ಬಿಟ್ಟ ಊರಿಗೆ ಇರುವುದಿಲ್ಲ, ಒಂದು ಊರು ಎರಡು ಕೂಟದಲ್ಲಿ ಇರುವಂತಿಲ್ಲ. ಹೆಣ್ಣು ಕೊಡುವವರು ಗಂಡಿನ ಜಾತಕ ಕೇಳುವ ಮೊದಲು ಆ ಊರಿನ ಕಾಲೇಜಿನ ತಂಡ ಗಟ್ಟಿ ಇದೆಯೇ ಎಂದು ವಿಚಾರಿಸುತ್ತಾರೆ. ಆಡಲು ಬರುವ ತಂಡ ತನ್ನೂರಿನ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತರುತ್ತದೆ. ನಾಯಕಿ ಅದನ್ನು ಮೈದಾನಕ್ಕೆ ಸುರಿದು ಬರಿಗಾಲಿನಿಂದ ಹರಡುತ್ತಾಳೆ. ಆಮೇಲೆ ಸೀಟಿ, ಆಮೇಲೆ ಆಟ. ಹೀಗಾಗಿ ನಮ್ಮ ಕಾಲೇಜಿನ ಮೈದಾನದಲ್ಲಿ ಜಾಲಿಕಟ್ಟೆಯ ಕರಿಮಣ್ಣು, ಕಂಚಿನಾಳದ ಕೆಮ್ಮಣ್ಣು, ತೆಕ್ಕಲಿನ ಬೂದಿಬಣ್ಣದ ಮರಳು ನಮ್ಮ ಮಣ್ಣಿನೊಂದಿಗೆ ಕಲೆತು, ಇಂಥ ಬಣ್ಣವೆಂದು ಹೇಳಲಾಗದ ನೆಲ ಆಗಿತ್ತು. ಕೂಟ ಬಿಡುವ ಊರು ಆ ಮೇಲ್ಮಣ್ಣನ್ನು ಕೆರೆದು, ಒಂದೊಂದು ಪಾಲನ್ನು ಒಂದೊಂದು ಊರಿನ ಗಡಿಗೆ ಮುಟ್ಟಿಸಬೇಕು. ಅದು ಹಿಂದಿನಿಂದ ಬಂದ ಪದ್ಧತಿ.

ನಾನು ಹುಲಿಗೆಮ್ಮ, ಆಗ ನಮ್ಮೂರ ಕಾಲೇಜಿನ ಹೆಣ್ಣುಮಕ್ಕಳ ತಂಡದ ನಾಯಕಿ. ತಂಡದಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಮ್ಮ ಕೇರಿಯವರು. ಖೋಖೋ ಆಟದಲ್ಲಿ ಕೂತವರ ಬೆನ್ನು ಮುಟ್ಟದೆ ಖೋ ಕೊಡಲು ಬರುವುದಿಲ್ಲ. ಮೈದಾನದೊಳಗೆ ನಮ್ಮ ಬೆನ್ನು ತಟ್ಟಿ ಎಬ್ಬಿಸುತ್ತಿದ್ದ ಗೆಳತಿಯರ ಮನೆಯವರು ಮೈದಾನದ ಆಚೆ ನಮ್ಮ ನೆರಳು ಸೋಕದ ಹಾಗೆ ಸರಿದು ಹೋಗುತ್ತಿದ್ದರು. ಸೆರಗು ಒಗ್ಗೂಡಿಸಿಕೊಂಡು ಸರಿಯುವ ಆ ಚುರುಕುತನ ಕಂಡು, ಇವರನ್ನೇ ತಂಡಕ್ಕೆ ತೆಗೆದುಕೊಂಡರೆ ಯಾರೂ ಮುಟ್ಟಲಾರರು ಎಂದು ನಾವು ನಗುತ್ತಿದ್ದೆವು.

ಊರೊಳಗೆ ನಮ್ಮ ಹೆಣಗಳಿಗೂ ಜಾಗವಿರಲಿಲ್ಲ. ಜಾಲಿಕಟ್ಟೆಯ ದಾರಿಯ ನಟ್ಟನಡುವೆ, ಅತ್ತ ಆ ಊರಿಗೂ ಸೇರದ, ಇತ್ತ ನಮ್ಮೂರಿಗೂ ಸೇರದ ಬೋಳುನೆಲವನ್ನು ಯಾವ ಕಾಲದಲ್ಲೋ ನಮಗೆ ಬಿಟ್ಟುಕೊಟ್ಟಿದ್ದರು. ನನ್ನ ಅವ್ವ ಅಲ್ಲೇ ಮಲಗಿದ್ದಾಳೆ. ನನ್ನನ್ನು ಸಾಕಿದ ಅಜ್ಜಿ ಕೆಂಚವ್ವ ಪ್ರತಿ ಸಲ ಅಲ್ಲಿಗೆ ಹೋದಾಗ ಅವ್ವನ ಗೋರಿಯ ಪಕ್ಕದ ಖಾಲಿ ನೆಲದ ಮೇಲೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಯಾಕವ್ವ ಅಲ್ಲೇ ಕೂಡತಿ ಎಂದು ಕೇಳಿದರೆ, "ಬಸ್ಸಿನಾಗ ವಸ್ತ್ರ ಹಾಕಿ ಸೀಟು ಹಿಡಿಯೂದಿಲ್ಲೇನು, ಹಂಗ" ಎನ್ನುತ್ತಿದ್ದಳು.

ಮಹಾಕೂಟ ಎಂಬ ಬೇರೊಂದು ಕೂಟದ ಸಂಘಟಕ ನಮ್ಮೂರನ್ನು ಸೇರಿಸಿಕೊಳ್ಳಲು ಬಂದದ್ದು ಬೇಸಿಗೆಯ ಹೊತ್ತಿನಲ್ಲಿ. ಆ ಕೂಟದ ಯಾವ ಊರಿಗೂ ನಮ್ಮಿಂದ ದಾರಿ ಇರಲಿಲ್ಲ. ಇವನು ಹೇಗೆ ಬಂದ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಅವನ ಕೈಯಲ್ಲಿ ಬಣ್ಣದ ಚಿತ್ರಗಳಿದ್ದವು. ರಬ್ಬರು ಹಾಸಿದ ಮೈದಾನ, ಮೇಲೆ ಸಾಲುದೀಪ, ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕೂತ ಜನ. ದೊಡ್ಡ ಊರುಗಳು, ದೊಡ್ಡ ಮಾರುಕಟ್ಟೆ, ದೊಡ್ಡ ಆಸ್ಪತ್ರೆ. ಬಿಳಿ ಬಟ್ಟೆ ತೊಟ್ಟಿದ್ದ ಅವನು ನಮ್ಮ ಧೂಳಿನಲ್ಲಿ ಇಡೀ ದಿನ ತಿರುಗಾಡಿದ. ಸಂಜೆ ನೋಡಿದರೆ ಅವನ ಬೂಟಿನ ಮೇಲೆ ಒಂದು ಕಣ ಧೂಳಿರಲಿಲ್ಲ. ಮಹಾಕೂಟದ ಮಣ್ಣೆಂದು ಅವನು ಕೊಟ್ಟದ್ದು ಅಂಟಿಸಿದ ಪ್ಲಾಸ್ಟಿಕ್ ಚೀಲ. ನಾನು ಮೂಸಿ ನೋಡಿದೆ. ಮಣ್ಣಿನ ವಾಸನೆಯೂ ಇಲ್ಲ, ಪ್ಲಾಸ್ಟಿಕ್ಕಿನ ವಾಸನೆಯೂ ಇಲ್ಲ.

ಆಸೆ ನನಗೂ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ನಮ್ಮ ತಂಡದ ಪಂಪಾವತಿ ನನ್ನ ಜೋಡಿ. ಊರಿನ ದೊಡ್ಡಮನೆಯ ಹುಡುಗಿಯಾದರೂ ನನ್ನ ಬುತ್ತಿಯಿಂದ ತಿನ್ನುವಷ್ಟು ಎದೆಗಾರಿಕೆ ಇದ್ದವಳು, ಆದರೆ ಅದು ಯಾರೂ ನೋಡದಿದ್ದಾಗ. ಅವಳು ಅವತ್ತು ಕಂಬಕ್ಕೆ ಒರಗಿ, "ಹುಲಿಗಿ, ಅವೇ ಮೂರೂರು, ಅವೇ ಹುಡುಗ್ಯಾರು. ಯಾರು ಯಾವ ಕಡೆ ತಿರುಗತಾರ ಅಂತ ನಿದ್ದಿಯೊಳಗೂ ಗೊತ್ತೈತಿ ನನಗ. ಒಮ್ಮೆರ ಗೊತ್ತಿಲ್ಲದವರ ಮುಂದ ಓಡಬೇಕಲೇ" ಎಂದಳು. ಆ ಮಾತು ನನ್ನದೂ ಆಗಿತ್ತು. ದೀಪದ ಕೆಳಗೆ ಓಡಿದರೆ ನೆರಳು ಎಷ್ಟು ಬೀಳುತ್ತದೆ ಎಂದು ನಾನೂ ಅವಳನ್ನು ಕೇಳಿದೆ. ಆದರೆ ಮಹಾಕೂಟಕ್ಕೆ ಸೇರಿದರೆ ಹಳೆಯ ಮೂರೂ ದಾರಿ ಮುಚ್ಚುತ್ತವೆ. ಜಾಲಿಕಟ್ಟೆಯ ದಾರಿ ಮುಚ್ಚಿದರೆ ಅವ್ವ ಅತ್ತ, ನಾನು ಇತ್ತ. ಅಜ್ಜಿ ಹಿಡಿದಿಟ್ಟ ಜಾಗವೂ ಅತ್ತ.

ಕಾಲೇಜಿನ ಸಭಾಂಗಣದಲ್ಲಿ ಊರ ಸಭೆ ಸೇರಿತು. ಆಡಳಿತ ಮಂಡಳಿಯ ಅಧ್ಯಕ್ಷ ವಿರೂಪನಗೌಡರು ಕಲ್ಲುಕ್ವಾರಿಯ ಧಣಿ. ಮೂರೂರಿಗೆ ಎಷ್ಟು ಕಲ್ಲು ಮಾರಲು ಸಾಧ್ಯ? ಅವರು ಊರಿನ ಏಳಿಗೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಮ್ಮ ಪಿ.ಟಿ. ಮಾಸ್ತರು ಚನ್ನವೀರಯ್ಯ, ಆ ಮಹಾಕೂಟವನ್ನು ನೆಚ್ಚುವಂತಿಲ್ಲ, ಪ್ರತಿ ಹಂಗಾಮಿಗೂ ಒಂದೆರಡು ಊರು ಬಿಟ್ಟುಹೋಗುತ್ತವೆ, ಅದು ಒಡೆದರೆ ನಮಗೆ ಹಳೆಯ ದಾರಿಯೂ ಇಲ್ಲ ಹೊಸ ದಾರಿಯೂ ಇಲ್ಲ ಎಂದು ನಮ್ಮ ಮುಂದೆ ವಾರವಿಡೀ ಹೇಳಿದವರು, ಸಭೆಯಲ್ಲಿ ಎದ್ದು ನಿಂತು ಎರಡೂ ಕಡೆ ನ್ಯಾಯ ಇದೆ ಎಂದು ಹೇಳಿ ಕೂತುಬಿಟ್ಟರು. ಆಗ ನಾನೇ ಎದ್ದು ಸಂಘಟಕನನ್ನು ಕೇಳಿದೆ, ಹೋದ ಸಲ ಬಿಟ್ಟುಹೋದ ಊರು ಯಾವುದು ಎಂದು. ಅವನು ನಗುತ್ತಲೇ ಒಂದು ಹೆಸರು ಹೇಳಿದ. ನಾವೆಲ್ಲ ಕೇಳಿಸಿಕೊಂಡೆವು. ಮರುಗಳಿಗೆ ಆ ಹೆಸರು ಯಾರ ನೆನಪಿನಲ್ಲೂ ಇರಲಿಲ್ಲ. ಮತ್ತೆ ಕೇಳಿದೆ. ಮತ್ತೆ ಹೇಳಿದ. ಬಾಯಿ ಆಡಿದ್ದು ಕಂಡಿತು, ಹೆಸರು ಕಿವಿಯಲ್ಲಿ ನಿಲ್ಲಲಿಲ್ಲ. ಆ ಊರಿನ ಜನ ಈಗ ಹೇಗಿದ್ದಾರೆ ಎಂದರೆ, ಅವರವರ ಊರಿನಲ್ಲಿ ಅವರವರು ಇದ್ದಾರೆ ಎಂದ.

ನಾಯಕಿ ಮಣ್ಣು ಹರಡದೆ ಯಾವ ಕೂಟವೂ ಊರನ್ನು ಸೇರಿಸಿಕೊಳ್ಳುವುದಿಲ್ಲ. ನಾನು ಹರಡುವುದಿಲ್ಲ ಎಂದು ಹೇಳಿದೆ. ನಮ್ಮ ಗೋರಿಗಳ ಮಾತು ಎತ್ತಿದೆ. ಗೌಡರು ಸಿಟ್ಟಾಗಲಿಲ್ಲ, ಮಗುವಿಗೆ ಹೇಳುವಂತೆ, "ಸತ್ತೋರ ಸಲುವಾಗಿ ಇದ್ದೋರು ಹಿಂದುಳೀಬೇಕೇನವ್ವಾ?" ಎಂದರು.

"ಇದ್ದಾಗ ಊರಾಗ ಜಾಗ ಕೊಡಲಿಲ್ಲ ನೀವು. ಸತ್ತಮ್ಯಾಲೆ ದಾರಿಗೆ ಹಾಕಿದ್ರಿ" ಎಂದೆ. "ಈಗ ಆ ದಾರೀನೂ ಕೊಟ್ಟು ಬರಾಕ ಹೊಂಟೀರಿ. ನಮ್ಮದು ಅಂತ ಇನ್ನೇನೈತ್ರಿ, ನೀವು ಕೊಟ್ಟುಬಿಡಾಕ?"

ಸಭಾಂಗಣದ ಹಿಂದಿನ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಕೇರಿಯವರು ಚಪ್ಪಾಳೆ ತಟ್ಟಿದರು. ಮುಂದೆ ಕುರ್ಚಿಯಲ್ಲಿದ್ದವರು ತಿರುಗಿ ನೋಡಿದರು. ಗೌಡರು ಮೈಕು ಸರಿಪಡಿಸಿಕೊಂಡು, ನಾಯಕಿ ಎಂದರೆ ದೇವರು ಬರೆದ ಹಣೆಬರಹವಲ್ಲ, ಬದಲಾಯಿಸಬಹುದು ಎಂದರು. ಅಲ್ಲೇ, ಆ ಗಳಿಗೆಯಲ್ಲೇ, ಪಂಪಾವತಿಯನ್ನು ನಾಯಕಿ ಮಾಡಿದರು. ಅವಳು ನನ್ನ ಕಡೆ ನೋಡಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಸೇರ್ಪಡೆಯ ಪಂದ್ಯಕ್ಕೆ ಗೌಡರು ಹಿರಿಯರ ಅಮಾಸೆಯ ದಿನವನ್ನು ಗೊತ್ತುಮಾಡಿದರು. ಆ ದಿನ ನಮ್ಮ ಕೇರಿಗೆ ಕೇರಿಯೇ ಎಡೆಯ ಬುಟ್ಟಿ ಹೊತ್ತು ಮಸಣಕ್ಕೆ ಹೋಗಿರುತ್ತದೆ. ಮೈದಾನದಲ್ಲಿ ಅಡ್ಡ ಮಲಗಲು ಒಬ್ಬರೂ ಇರುವುದಿಲ್ಲ ಎಂಬುದು ಅವರ ಲೆಕ್ಕ. ನಾವು ಸಂಜೆ ಎಲ್ಲಿಗೆ ಮರಳುತ್ತೇವೆ, ಮರಳುತ್ತೇವೋ ಇಲ್ಲವೋ ಎಂಬುದು ಅವರ ಲೆಕ್ಕಕ್ಕೆ ಬಂದಿರಲಿಕ್ಕಿಲ್ಲ. ನಾವು ಎಲ್ಲಿ ಹೋದರೂ ಬೆಳಿಗ್ಗೆ ಕಸಬರಿಗೆ ಹಿಡಿದು ಬಾಗಿಲಲ್ಲಿ ಇರುತ್ತೇವೆ ಎಂದು ನಂಬಿದ ಊರು ಅದು.

ಮೈದಾನದ ಮೇಲ್ಮಣ್ಣನ್ನು ಟ್ರ್ಯಾಕ್ಟರು ತಂದು ಕೆರೆಸಿದರು. ಪದ್ಧತಿಯಂತೆ ಮೂರೂ ಊರಿನ ಗಡಿಗೆ ಒಯ್ದು ಹಾಕಬೇಕು ಎಂದು ಚನ್ನವೀರಯ್ಯ ಮಾಸ್ತರು ಮೆಲ್ಲಗೆ ಹೇಳಿದರಂತೆ. ಅಷ್ಟು ದೂರ ಹೊರುವವರು ಯಾರು, ಕೇರಿಯ ತಗ್ಗಿಗೆ ಸುರಿಯಿರಿ ಎಂದು ಗೌಡರು ಹೇಳಿದರಂತೆ. ಊರಿನ ಬೂದಿ, ಒಡೆದ ಗಡಿಗೆ, ಸತ್ತ ನಾಯಿ ಎಲ್ಲ ಬರುವುದು ಆ ತಗ್ಗಿಗೇ. ಹಾಗಾಗಿ ಆ ಮಾತು ಹೇಳಿದವರಿಗಾಗಲಿ ಕೇಳಿದವರಿಗಾಗಲಿ ತಪ್ಪೆನಿಸಲಿಲ್ಲ.

ಸಾಯಂಕಾಲ ನಮ್ಮ ಹುಡುಗಿಯರು ತಗ್ಗಿನ ಅಂಚಿನಲ್ಲಿ ನಡೆಯುತ್ತಿದ್ದಾಗ ಹನುಮಕ್ಕ ತಟ್ಟನೆ ನಿಂತಳು. ನಾನೂ ನಿಂತೆ. ಕಾಲಿಗೆ ಗೊತ್ತಾಯಿತು. ನಾವು ಬಿದ್ದು ಎದ್ದು, ಮೊಣಕಾಲು ಕೆತ್ತಿಸಿಕೊಂಡ ನೆಲವೇ ಅದು. ಸುಮ್ಮನೆ ಅದರ ಮೇಲೆ ಕೂತೆವು. ಆಗ ನನಗೊಂದು ಪ್ರಶ್ನೆ ಹುಟ್ಟಿತು. ದಾರಿ ಮುಚ್ಚುತ್ತದೆ ಎನ್ನುತ್ತೇವಲ್ಲ, ಯಾವ ತುದಿಯಿಂದ ಮುಚ್ಚುತ್ತದೆ? ಊರಿನವರು ಯಾರೂ ಇದನ್ನು ಕೇಳಿರಲಿಲ್ಲ. ದಾರಿಯ ನಡುವೆ ಅವರದು ಏನೂ ಇರಲಿಲ್ಲ.

ಅಂದು ಕೇರಿಯ ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಈ ಮಣ್ಣನ್ನು ಹೊತ್ತು ಮಸಣಕ್ಕೇ ಹೋಗಿ ಅಲ್ಲಿ ಜಾಲಿಕಟ್ಟೆಯವರೊಂದಿಗೆ ಆಡಿದರೆ ಆ ತುದಿಯ ದಾರಿ ನಮಗೆ ಉಳಿಯಬಹುದು ಎಂದೆ. ಮಾತು ಬಹಳ ಆಯಿತು. ಮನೆ ಬಿಟ್ಟು ಹೋಗಿ ಮಸಣದಲ್ಲಿ ಇರುವುದೇ ಎಂದು ಕೆಲವರು, ಇಲ್ಲಿರುವುದು ಅದಕ್ಕಿಂತ ಮೇಲೇನು ಎಂದು ಕೆಲವರು. ಜಾಲಿಕಟ್ಟೆಯ ಕಡೆಯ ದಾರಿಯೂ ಮುಚ್ಚಿಬಿಟ್ಟರೆ ಗೋರಿಗಳ ನಡುವೆ ಸಿಕ್ಕಿಕೊಂಡು ಸಾಯಬೇಕಾಗುತ್ತದೆ ಎಂದು ನಾನೇ ಎಚ್ಚರಿಸಿದೆ. ಕೆಂಚವ್ವ ಎಲ್ಲ ಕೇಳಿ, ಎಲೆಯಡಿಕೆ ಉಗಿದು, "ನಾ ಅಂತೂ ಅಲ್ಲಿಗೇ ಹೋಗಾಕಿ. ಸತ್ತು ಹೋಗೂದರ ಬದಲಿ ನಡದು ಹೋದರ ನಿಮಗ ಹೊರೂದು ತಪ್ಪತೈತಿ" ಎಂದಳು. ಎಲ್ಲರೂ ನಕ್ಕರು. ನಕ್ಕ ಮೇಲೆ ಬೇಡ ಎನ್ನುವುದು ಯಾರಿಗೂ ಆಗಲಿಲ್ಲ.

ಅಮಾಸೆಯ ಬೆಳಿಗ್ಗೆ ನಾವು ಪ್ರತಿವರ್ಷದಂತೆ ತಲೆಯ ಮೇಲೆ ಬುಟ್ಟಿ ಹೊತ್ತು ಊರ ಮುಂದಿನಿಂದಲೇ ಹೊರಟೆವು. ಬುಟ್ಟಿಯ ಮೇಲೆ ಎಡೆ, ಹೂವು, ಊದಿನಕಡ್ಡಿ. ಅಡಿಯಲ್ಲಿ ಮಣ್ಣು. ಕತ್ತು ಕುಸಿಯುವಷ್ಟು ಭಾರ. ಮುದುಕರು, ಬಾಣಂತಿ, ಕಂಕುಳಲ್ಲಿ ಕೋಳಿ, ಗೋಣಿಯಲ್ಲಿ ಬೀಸುಕಲ್ಲು. ಊರ ಕಟ್ಟೆಯ ಮೇಲೆ ಕೂತವರು ನೋಡಿದರು. ಬುಟ್ಟಿಯಲ್ಲಿ ಏನಿದೆ ಎಂದು ಕೈ ಹಾಕಿ ನೋಡಬೇಕಾದರೆ ನಮ್ಮ ಬುಟ್ಟಿ ಮುಟ್ಟಬೇಕಲ್ಲ. ಅವರು ಕಾಲು ಮೇಲೆತ್ತಿಕೊಂಡು ನಮಗೆ ದಾರಿ ಬಿಟ್ಟರು.

ಜಾಲಿಕಟ್ಟೆಯ ತಂಡಕ್ಕೆ ಮೊದಲೇ ಹೇಳಿ ಕಳಿಸಿದ್ದೆ. ಅವರ ನಾಯಕಿ ರೇವಕ್ಕ ತನ್ನ ಹುಡುಗಿಯರನ್ನು ಕರೆದುಕೊಂಡು, ಒಂದು ಬುಟ್ಟಿ ಕರಿಮಣ್ಣು ಹೊತ್ತು ಬಂದಿದ್ದಳು. ಗೋರಿಗಳ ಪಕ್ಕದ ಬಯಲಲ್ಲಿ ನಾವು ತಂದ ಮಣ್ಣನ್ನು ಸುರಿದೆವು. ನಾನು ಬರಿಗಾಲಿನಿಂದ ಹರಡಿದೆ. ಎರಡು ತುದಿಗೆ ಎರಡು ಕಂಬ ಹುಗಿದೆವು. ಅಲ್ಲಿಂದ ನಮ್ಮೂರಿನ ನೀರಿನ ಟಾಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಧ್ವನಿವರ್ಧಕದಲ್ಲಿ ಗೌಡರ ಭಾಷಣ ಕೇಳುತ್ತಿತ್ತು, ಆಮೇಲೆ ಜನರ ಕೇಕೆ, ಆಮೇಲೆ ಸೀಟಿ. ಪಂಪಾವತಿ ಮಣ್ಣು ಹರಡಿರಬೇಕು. ನಾನು ತಲೆ ಎತ್ತಿ ನೋಡಿದೆ. ಟಾಕಿ ಇದ್ದ ಕಡೆ ಬರೀ ಆಕಾಶವಿತ್ತು.

ಹನುಮಕ್ಕ ಊರಿನ ಕಡೆ ನಡೆದುಹೋದಳು. ನಾವೆಲ್ಲ ಅವಳ ಬೆನ್ನನ್ನು ನೋಡುತ್ತ ನಿಂತೆವು. ಬೆನ್ನು ಚಿಕ್ಕದಾಗುತ್ತ ಹೋಗಿ, ತಿರುವಿನ ಹತ್ತಿರ ಮುಖವಾಯಿತು. ಅವಳು ನಮ್ಮ ಕಡೆಗೇ ನಡೆದು ಬರುತ್ತಿದ್ದಳು. ಇನ್ನು ಉಳಿದದ್ದು ಇನ್ನೊಂದು ತುದಿ. ರೇವಕ್ಕನ ಕೈ ಹಿಡಿದು ನಾನು ಜಾಲಿಕಟ್ಟೆಯ ಕಡೆ ನಡೆದೆ. ಅವಳೂ ಮನೆ ಬಿಟ್ಟು ಬಂದವಳಲ್ಲವೇ. ಹುಣಸೆಮರ ಬಂತು. ಮುರಿದ ಸೇತುವೆ ಬಂತು. ಅದರ ಆಚೆ ಜಾಲಿಕಟ್ಟೆಯ ಮೊದಲ ಮನೆ, ಅದರ ಮುಂದೆ ಒಣಹಾಕಿದ ಮೆಣಸಿನಕಾಯಿ. ನಾನು ಅಲ್ಲೇ ಕೂತು ಅತ್ತೆ. ಮನೆಯಾಕೆ ಹೊರಗೆ ಬಂದು, ಮೆಣಸಿನಕಾಯಿ ಘಾಟು ಅಂದುಕೊಂಡು ನೀರು ತಂದುಕೊಟ್ಟಳು.

ಅಲ್ಲಿಂದ ನಾವು ಒಂದು ಊರಾದೆವು. ಹೆಸರಿಟ್ಟುಕೊಂಡಿಲ್ಲ, ಅದರ ಅಗತ್ಯ ಬಿದ್ದಿಲ್ಲ. ಕಂಚಿನಾಳದವರೂ ತೆಕ್ಕಲಿನವರೂ ಮಣ್ಣು ಹೊತ್ತು ಬಂದು ಆಡಿದರು, ಆ ದಾರಿಗಳೂ ನಮ್ಮ ಬಯಲಿಗೆ ಬಂದು ಕೂಡಿದವು. ಅವ್ವನ ಗೋರಿಯ ಹತ್ತಿರ ಅಜ್ಜಿಗೊಂದು ಗುಡಿಸಲು ಹಾಕಿಕೊಟ್ಟೆವು. ಕೂಲಿಗೆ ಜಾಲಿಕಟ್ಟೆಗೆ ಹೋಗುತ್ತೇವೆ. ಅಲ್ಲಿಯೂ ದೊಡ್ಡಮನೆಗಳಿವೆ, ಸೆರಗು ಸರಿಸುವವರಿದ್ದಾರೆ. ಆದರೆ ನಮ್ಮ ಮೈದಾನಕ್ಕೆ ಮಣ್ಣು ತರದಿದ್ದರೆ ಯಾರಿಗೂ ದಾರಿಯಿಲ್ಲ ಎಂಬುದು ಅವರಿಗೆ ನೆನಪಿರುತ್ತದೆ.

ಊರಿನ ಸುದ್ದಿ ನಮಗೆ ಸಂಗವ್ವನಿಂದ ಬರುತ್ತಿತ್ತು. ಆ ತಾಯಿ ಮೂರುಬಾವಿಯ ತಿರುವಿನಲ್ಲಿ ಮಗಳ ಜೊತೆ ಮಾತು ಮುಗಿಸಿ ನಮ್ಮ ತಿರುವಿಗೂ ಬಂದು ನಿಲ್ಲುತ್ತಿದ್ದಳು. ಗೌಡರ ಬಾಗಿಲಲ್ಲಿ ಎಮ್ಮೆ ಸತ್ತಿದೆ, ಎತ್ತುವವರಿಲ್ಲ ಎಂದು ಒಂದು ದಿನ. ಗಟಾರ ತುಂಬಿ ಕಾಲೇಜಿನೊಳಗೆ ಹರಿಯುತ್ತಿದೆ ಎಂದು ಒಂದು ದಿನ. ಮಹಾಕೂಟದಲ್ಲಿ ಒಂದು ಊರು ಬಿಟ್ಟಿತು, ಇನ್ನೆರಡು ಜಗಳವಾಡಿ ಬಿಟ್ಟವು, ಬಿಳಿಬಟ್ಟೆಯವನು ಮತ್ತೆ ಕಾಣಲಿಲ್ಲ, ಈಗ ಯಾವ ಕಡೆ ಹೊರಟರೂ ತಮ್ಮ ಊರೇ ಬರುತ್ತದೆ ಎಂದು ಇನ್ನೊಂದು ದಿನ. ಪ್ರತಿ ಸಲ ಅವಳ ದನಿ ಹೆಚ್ಚು ಹೆಚ್ಚು ನಡುಗುತ್ತಿತ್ತು. ಒಂದು ದಿನ ಅವಳು ಬರಲಿಲ್ಲ. ಅವಳ ಬದಲು ಬೇರೊಂದು ಮುದಿದನಿ ನನ್ನ ಹೆಸರು ಹಿಡಿದು ಕರೆಯಿತು. ಯಾರವ್ವಾ ನೀನು ಎಂದು ಕೇಳಿದೆ.

"ನಾನಲೇ ಹುಲಿಗಿ, ಪಂಪಿ" ಎಂದಿತು ದನಿ. "ದೀಪದ ಕೆಳಗ ಒಮ್ಮೆ ಓಡಿದೆ. ನೆರಳು ಬೀಳಲಿಲ್ಲ."

ನನಗೆ ಇನ್ನೂ ತಲೆಯಲ್ಲೊಂದು ಬಿಳಿಕೂದಲಿಲ್ಲ. ಅವಳು ನನ್ನ ಓರಿಗೆಯವಳು. ಅವಳ ಹಿಂದೆ ಗೌಡರೂ ಬಂದಿದ್ದರು. ಅವರ ದನಿ ಒಣಗಿದ ಗರಿಯ ಹಾಗಿತ್ತು. ತಮ್ಮ ಕಾಲೇಜನ್ನು ನಮ್ಮ ಕೂಟಕ್ಕೆ ಸೇರಿಸಿಕೊಳ್ಳಬೇಕೆಂದು ಕೇಳಿದರು. ಹಿಂದೆ ಸಭಾಂಗಣದಲ್ಲಿ ಅವರ ಮುಂದೆ ಇದ್ದ ಪ್ರಶ್ನೆ ಈಗ ನಮ್ಮ ಬಯಲಿಗೆ ಬಂದು ನಿಂತಿತ್ತು. ಕೂಟಕ್ಕೆ ಸೇರಬೇಕೋ ಬೇಡವೋ ಎಂದಲ್ಲ, ಸೇರಿಸಬೇಕೋ ಬೇಡವೋ ಎಂದು. ಹನುಮಕ್ಕ ಬೇಡವೇ ಬೇಡ ಎಂದಳು. ಇನ್ನೊಬ್ಬಳು ಪಂಪಾವತಿ ಸಾಯುತ್ತಾಳಲ್ಲೇ ಎಂದು ಅತ್ತಳು. ದಾರಿ ತೆರೆದರೆ ಅವರು ಮೊದಲು ಕೇಳುವುದು ಕಸಬರಿಗೆ ಎಲ್ಲಿ ಎಂದೇ, ಎಂದು ಕೇರಿಯ ಗಂಡಸರು ಹೇಳಿದರು. ಅದು ಸುಳ್ಳಲ್ಲ. ಆದರೆ ದಾರಿ ಮುಚ್ಚಿಸಿಕೊಂಡು ಕೂರುವುದು ಹೇಗಿರುತ್ತದೆ ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ನಾನು ತಿರುವಿಗೆ ಹೋಗಿ, ಯಾವ ಮಣ್ಣು ತರುತ್ತೀರಿ ಎಂದು ಕೇಳಿದೆ. ಕಾಲೇಜಿನ ಮೈದಾನದ್ದು, ಆಳು ಕಳಿಸಿ ಎಂದರು ಗೌಡರು. ಆಳು ಎಂಬ ಮಾತು ಆ ದನಿಯಲ್ಲಿ ಇನ್ನೂ ಮುದಿಯಾಗಿರಲಿಲ್ಲ.

"ಅದು ಬ್ಯಾಡ್ರಿ" ಎಂದೆ. "ನಿಮ್ಮ ಹಿರೇರನ್ನ ಮಲಗಿಸೀರಲ್ಲ, ಊರೊಳಗ, ಗುಡಿ ಹಿಂದ. ಆ ಮಣ್ಣು ತರ್ರಿ. ನೀವ ಅಗೀರಿ. ನಿಮ್ಮ ತಲಿಮ್ಯಾಲ ನೀವ ಹೊರ್ರಿ. ಆಮ್ಯಾಲ ನೋಡೂಣು."

ಅತ್ತಲಿಂದ ಮಾತು ನಿಂತಿತು. ನಾಳೆ ನಾಡಿದ್ದು ಎಂದು ಕಾದೆವು. ಬರೀ ಗಾಳಿ. ಪಂಪಾವತಿಯ ದನಿಯೂ ಕೇಳಲಿಲ್ಲ. ಅಜ್ಜಿ ಮಾತ್ರ, ಮಣ್ಣು ಹೊರಲು ಬಾರದವರು ಮೊದಲು ತಲೆಗೆ ಸಿಂಬೆ ಸುತ್ತುವುದು ಕಲಿಯಬೇಕು, ತಡವಾಗುತ್ತದೆ ಎಂದಳು.

ಇವತ್ತು ಸಂಜೆ ಅಭ್ಯಾಸಕ್ಕೆ ಸಾಲಾಗಿ ಕೂತಿದ್ದೆವು. ಖೋಖೋದ ಸಾಲಿನಲ್ಲಿ ಒಬ್ಬರ ಮುಖ ಅತ್ತ, ಒಬ್ಬರದು ಇತ್ತ. ನನ್ನ ಮುಖ ಊರಿನ ಕಡೆ ಇತ್ತು. ಬೆನ್ನು ಖೋಗೆ ಕಾದಿತ್ತು. ಆಗ ಆ ಖಾಲಿ ಆಕಾಶದ ಕೆಳಗಿನಿಂದ ಒಂದು ಸಪ್ಪಳ ಬಂತು. ಓಡುತ್ತಿದ್ದ ಹನುಮಕ್ಕ ನಿಂತಳು. ಕೆಂಚವ್ವ ಗುಡಿಸಲಿನಿಂದ ತಲೆ ಹೊರಹಾಕಿದಳು. ಗುದ್ದಲಿಯ ಸಪ್ಪಳ. ಒಂದು ಏಟು ಕಲ್ಲಿಗೆ, ಒಂದು ಏಟು ಹುಸಿ, ಮತ್ತೆ ಒಂದು ಕಲ್ಲಿಗೆ. ಹಿಡಿದು ರೂಢಿಯಿಲ್ಲದ ಕೈ. ಬಹಳ ಹೊತ್ತು ಕೇಳಿದೆವು. ಹತ್ತಿರ ಬರುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ, ಆದರೆ ಅದು ನಿಲ್ಲಲಿಲ್ಲ. ನಾನು ಎದ್ದು ಹೋಗಿ, ಕಂಬದ ಪಕ್ಕದಲ್ಲಿ ಒಂದು ಬುಟ್ಟಿ ಮಣ್ಣು ಹಿಡಿಸುವಷ್ಟು ನೆಲವನ್ನು ಕಾಲಿನಿಂದ ಸರಿಸಿ, ಹಾಗೇ ಖಾಲಿ ಬಿಟ್ಟು, ಮತ್ತೆ ಬಂದು ಸಾಲಿನಲ್ಲಿ ಕೂತೆ.